ಹೆಪ್ಪು ಕೊಂದ ಬಟ್ಟೆ

ಹೆಂಡತಿ: ಇದೇನಿದು, ನೀವೇ ಹೇಳಿ. ಮೊಸರಾ, ಹಾಲಾ?

ಗಂಡ: ಹಾಲು.

ಹೆಂಡತಿ: ರಾತ್ರಿ ಇದಕ್ಕೆ ಹೆಪ್ಪು ಹಾಕಿದ್ದೆ. ಬೆಳಗ್ಗೆ ಮುಚ್ಚಳ ತೆಗೆದ್ರೆ ಹಾಲು ಹಾಲಾಗೇ ಕೂತಿದೆ. ಇಷ್ಟು ವರ್ಷ ಕೈಕೊಡದ ಹೆಪ್ಪು ನಿಮ್ಮ ಬಟ್ಟೇಲಿ ಸೋಸಿದ ಕೂಡಲೇ ಸತ್ತುಹೋಯ್ತು. ಇದಕ್ಕೇನಂತೀರಿ?

ಗಂಡ: ಬಟ್ಟೆಗೂ ಇದಕ್ಕೂ ಸಂಬಂಧ ಇಲ್ಲ ಅಂತೀನಿ.

ಆಕೆ ಪಾತ್ರೆಯನ್ನು ಗಂಡನ ಮೂಗಿನ ಕೆಳಗೆ ಓರೆ ಮಾಡಿದಳು. ಹಾಲು ಅಂಚಿನವರೆಗೂ ಓಡಿಬಂತು. ಆತ ಅಂಗಿ ನೆನೆದೀತೆಂದು ಹಿಂದೆ ಸರಿದ.

ಇದನ್ನೆಲ್ಲ ನಾನು ಬೀದಿಯಲ್ಲಿ ನಿಂತು ನೋಡುತ್ತಿದ್ದೆ. ಈ ಮನೆಯ ಅಡುಗೆಮನೆಗೆ ಬೀದಿ ಕಡೆ ಒಂದು ಕಿಟಕಿಯಿದೆ. ಆ ಕಿಟಕಿಯೇ ಮೊಸರಂಗಡಿ, ಆ ಹೆಂಡತಿಯೇ ಅದರ ಮಾಲೀಕಳು. ನಾನು ದಿನಾ ಬೆಳಗ್ಗೆ ಅಲ್ಲಿಗೆ ಡಬ್ಬಿ ಚಾಚುವ ಹಳೇ ಗಿರಾಕಿ. ಕದ್ದು ಕೇಳುವ ಚಾಳಿ ನನಗಿಲ್ಲ. ಮೊಸರಿಲ್ಲದೆ ಅನ್ನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ, ಹಾಗಾಗಿ ನಿಂತಿದ್ದೆ. ಕಿವಿ ಜೊತೆಗೇ ಬಂದಿತ್ತು, ಏನು ಮಾಡಲಿ?

ಗಂಡ ಒಂದು ಪ್ರಯೋಗಾಲಯದಲ್ಲಿ ಸಂಶೋಧಕ. ಮದುವೆ ಮನೆಯಲ್ಲಿ ಸಿಕ್ಕರೂ ಸರಿ, ಬಸ್ಸಿನಲ್ಲಿ ಸಿಕ್ಕರೂ ಸರಿ, ತನ್ನ ಬಟ್ಟೆಯ ಕಥೆ ಹೇಳದೆ ಯಾರನ್ನೂ ಬಿಟ್ಟವನಲ್ಲ. ನನಗಂತೂ ಬಾಯಿಪಾಠವಾಗಿದೆ. ಗಿಡಮರಗಳ ಮೈಯಲ್ಲಿ ಸೆಲ್ಯುಲೋಸ್ ಅನ್ನುವ ನಾರಿನ ಪದಾರ್ಥ ಇರುತ್ತದಂತೆ. ಹತ್ತಿ ಅಂದರೆ ಬಹುಪಾಲು ಅದೇ ಅಂತೆ. ಆ ನಾರಿಗೆ ಇವರು ಏನೋ ರಾಸಾಯನಿಕವನ್ನು ಒಗೆದರೂ ಬಿಡದ ಹಾಗೆ ಅಂಟಿಸುತ್ತಾರೆ. ಕಣ್ಣಿಗೆ ಕಾಣದ ಮುಳ್ಳುಗಳು ಎದ್ದ ಹಾಗೆ. ರೋಗಾಣು ಬಂದು ಕೂತಿತೋ, ಅದರ ಹೊರಪೊರೆ ಒಡೆದು ಅಲ್ಲೇ ಅದರ ಕಥೆ ಮುಗಿಯಿತು. ಗಾಯಕ್ಕೆ ಸುತ್ತುವ ಪಟ್ಟಿ, ಆಸ್ಪತ್ರೆಯ ಹಾಸಿಗೆಯ ಹೊದಿಕೆ, ಎಲ್ಲವನ್ನೂ ಇದರಲ್ಲೇ ಮಾಡಬಹುದು ಎನ್ನುತ್ತಾನೆ. ಹೇಳುವಾಗ ಆತನ ಕಣ್ಣು ಹೊಳೆಯುತ್ತದೆ, ಕೇಳುವವರ ಕಣ್ಣು ಮುಚ್ಚುತ್ತದೆ.

ಮೊನ್ನೆಯವರೆಗೆ ಈ ಮನೆಯಲ್ಲಿ ಹೆಪ್ಪು ಸೋಸಲು ಒಂದು ಹಳೇ ಹತ್ತಿ ಬಟ್ಟೆ ಇತ್ತು. ಹಳದಿಗಟ್ಟಿ, ಒಣಗಿದರೆ ಹಪ್ಪಳದಂತೆ ಸೆಟೆದು ನಿಲ್ಲುತ್ತಿತ್ತು. ಗಂಡ ಅದನ್ನು ಕಂಡಾಗಲೆಲ್ಲ ಮೂಗು ಮುರಿಯುತ್ತಿದ್ದ. ನಿನ್ನೆ ಅದನ್ನು ಮಾಯ ಮಾಡಿ, ಅದೇ ಗೂಟಕ್ಕೆ ಪ್ರಯೋಗಾಲಯದ ಬಿಳೀ ಬಟ್ಟೆ ನೇತುಹಾಕಿದ್ದ. ಹೆಂಡತಿ ಪಾಪ, ಗಂಡ ಪ್ರೀತಿಯಿಂದ ಹೊಸದು ತಂದಿದ್ದಾನೆ ಅಂದುಕೊಂಡು ಅದರಲ್ಲೇ ಹೆಪ್ಪು ಸೋಸಿದ್ದಳು.

ಹೆಂಡತಿ: ಮುಟ್ಟಿದರೆ ಸಾಯುತ್ತೆ, ಮುಟ್ಟಿದರೆ ಸಾಯುತ್ತೆ ಅಂತ ನನ್ನ ತಲೆ ತಿಂದವರು ಯಾರು? ನಮ್ಮ ಚಿಕ್ಕಪ್ಪನ ಮಗಳ ಮದುವೇಲಿ ಊಟಕ್ಕೆ ಕೂತವರನ್ನೂ ಬಿಡಲಿಲ್ಲ ನೀವು. ಈಗ ನಿಜವಾಗಿ ಸತ್ತಾಗ ಸಂಬಂಧ ಇಲ್ಲ ಅಂತೀರಲ್ಲ.

ಗಂಡ: ಅಲ್ಲ ಕಣೇ, ಸಾಯಬೇಕಾದ್ರೆ ಅದು ಬಟ್ಟೆ ಮೇಲೆ ಕೂತ್ಕೋಬೇಕು. ನೀನು ಒಂದು ಸಲ ಸುರಿದೆ, ಹೆಪ್ಪು ಇಳಿದು ಹೋಯ್ತು. ಅಷ್ಟರಲ್ಲಿ ಎಲ್ಲಾ ಸಾಯೋಕೆ ಅದೇನು ಕತ್ತಿ ಹಿಡಿದು ನಿಂತಿರುತ್ತಾ?

ಹೆಂಡತಿ: ನೀವು ಹೇಳೋದು ಕೇಳಿದ್ರೆ ಹಾಗೇ ಅನಿಸ್ತಿತ್ತು.

ಗಂಡ: ಜೊತೆಗೆ ಮೊಸರಲ್ಲಿ ಜಿಡ್ಡು ಇದೆ. ಜಿಡ್ಡು ಮೆತ್ತಿಕೊಂಡ್ರೆ ಮುಳ್ಳೆಲ್ಲ ಮುಚ್ಚಿಹೋಗುತ್ತೆ. ಆಮೇಲೆ ಯಾವ ಜೀವಾಣೂನೂ ಸಾಯಲ್ಲ. ಇನ್ನೊಂದು ಮಾತು, ಒಂದು ಪಾತ್ರೆ ನೋಡಿ ಯಾರೂ ತೀರ್ಮಾನಕ್ಕೆ ಬರಬಾರದು. ನಿನ್ನೆ ಹೆಪ್ಪೇ ಸರಿ ಇತ್ತೋ ಇಲ್ವೋ?

ಹೆಂಡತಿ: ಸರಿಯಾಗೇ ಇತ್ತು. ಸ್ವಲ್ಪ ಗಂಟುಗಂಟಾಗಿತ್ತು, ಅದಕ್ಕೇ ಎರಡು ಸಲ ಸೋಸಿದೆ.

ಗಂಡ: ನೋಡಿದ್ಯಾ, ಗಂಟು. ಆ ಗಂಟನ್ನ ವಿಚಾರಿಸು, ಬಟ್ಟೇನ ಬಿಡು.

ಅಡುಗೆಮನೆಯ ಮೂಲೆಯಲ್ಲಿ ಗಂಡನ ತಾಯಿ ಮಣೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಗಂಟಿನ ಮಾತು ಬಂದಾಗ ಅವರ ಕೈ ಒಮ್ಮೆ ನಿಂತು ಮತ್ತೆ ಸುಲಿಯತೊಡಗಿತು. ನಾನು ನೋಡಿದೆ. ಆದರೆ ಮೊಸರು ಕೊಂಡುಕೊಳ್ಳುವವನಿಗೆ ಅತ್ತೆಯಂದಿರ ವಿಷಯದಲ್ಲಿ ಬಾಯಿ ಇರಬಾರದು.

ಹೆಂಡತಿಯ ಸಂಕಟ ಸಣ್ಣದಾಗಿರಲಿಲ್ಲ. ಆ ಹೆಪ್ಪು ಆಕೆಯ ಅಮ್ಮ ಕೊಟ್ಟಿದ್ದು. ಅಮ್ಮ ಹೋಗಿ ವರ್ಷಗಳಾದವು, ಹೆಪ್ಪು ಮಾತ್ರ ದಿನಾ ಒಂದು ಚಮಚ ಉಳಿದು ಉಳಿದು ಇಲ್ಲಿಯವರೆಗೆ ಬಂದಿತ್ತು. ದಿನಾ ಇಲ್ಲಿಂದಲೇ ಮೊಸರು ಒಯ್ಯುವ ಎದುರಿನ ಹಾಸ್ಟೆಲಿನವರು, ಇವತ್ತು ಮೊಸರಿಲ್ಲ ಎಂದು ಈಕೆ ಹೇಳಿದಾಗಲೇ ಮುಖ ಗಂಟಿಕ್ಕಿದ್ದರು. ನಾಳೆಯೂ ತಪ್ಪಿದರೆ ಪ್ಯಾಕೆಟ್ ಮೊಸರಿಗೆ ಹೋಗುವುದಾಗಿ ಹೇಳಿ ಕಳಿಸಿದ್ದರು. ಪ್ಯಾಕೆಟ್ ಮೊಸರನ್ನೇ ತಂದು ಹೆಪ್ಪು ಹಾಕಬಹುದಲ್ಲ ಎಂದು ನಾನು ಕಿಟಕಿಯಿಂದ ಸಲಹೆ ಕೊಟ್ಟೆ. ಆಕೆ ನನ್ನನ್ನು ನೋಡಿದ ನೋಟಕ್ಕೆ ಡಬ್ಬಿಯನ್ನು ಎದೆಗೆ ಅವಚಿಕೊಂಡೆ.

ಹೆಂಡತಿ: ನಿಮ್ಮ ಮನೇಲಿ ನಿನ್ನೇದು ಒಂದು ಚಮಚ ಮಿಕ್ಕಿದ್ಯಾ?

ನಾನು: ಮಿಗೋ ಹಾಗೆ ನೀವು ಯಾವತ್ತು ಮೊಸರು ಮಾಡಿದ್ದೀರಿ ತಾಯಿ? ಡಬ್ಬೀನ ಬೆರಳಲ್ಲಿ ಬಳಿದುಬಿಟ್ಟೆ.

ಹಿಂದೆ ನಿಂತಿದ್ದ ಗಿರಾಕಿಗಳನ್ನೂ ಕೇಳಿದಳು. ಅವರ ಉತ್ತರವೂ ಅದೇ. ಹೊಗಳಿಕೆ ಕೇಳಿ ಅಳು ಬಂದದ್ದನ್ನು ನಾನು ಅವತ್ತೇ ಮೊದಲು ಕಂಡೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅಮ್ಮನ ಕೈಯದು ಅಂತ ಉಳಿದಿದ್ದು ಅದೊಂದೇ ಎಂದಳು. ಗಂಡನ ಮುಖ ಸಣ್ಣಗಾಯಿತು. ಬಹುಶಃ ಕ್ಷಮೆ ಕೇಳುತ್ತಿದ್ದನೇನೋ, ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು.

ಆ ಕಡೆ ಪ್ರಯೋಗಾಲಯದ ಸಾಹೇಬರು. ಅವರ ದನಿ ಫೋನಿನಿಂದ ಕಿಟಕಿಯವರೆಗೂ ಬರುವಂಥದ್ದು. ನಾಳೆ ಬಟ್ಟೆ ಕೊಳ್ಳುವ ಕಂಪನಿಯವರು ಬರುತ್ತಾರಂತೆ. ಗಾಜಿನ ತಟ್ಟೆಯೊಳಗೆ ರೋಗಾಣು ಸತ್ತದ್ದನ್ನು ಎಷ್ಟು ಸಲ ತೋರಿಸುತ್ತೀರಿ, ಯಾರದಾದರೂ ಮನೆಯಲ್ಲಿ ಕೆಲಸ ಮಾಡಿದೆಯಾ ಎಂದು ಕೇಳಿದರಂತೆ. ಇಲ್ಲವೆಂದರೆ ಈ ಯೋಜನೆಗೆ ನಾಳೆಯೇ ಮಂಗಳ ಹಾಡುವುದಂತೆ.

ಗಂಡ ಹೆಂಡತಿಯ ಕಡೆ ನೋಡಿದ, ಪಾತ್ರೆಯ ಕಡೆ ನೋಡಿದ, ಗಂಟಲು ಸರಿಮಾಡಿಕೊಂಡ.

ಗಂಡ: ಸಾರ್, ಕೆಲಸ ಮಾಡಿದೆ ಸಾರ್. ನಮ್ಮ ಮನೇಲೇ. ಇವತ್ತು ಬೆಳಗ್ಗೆ.

ಹೆಂಡತಿಯ ಅಳು ನಿಂತಿತು. ಗಂಡ ಫೋನಿನಲ್ಲಿ ವಿವರಿಸುತ್ತ ಹೋದ: ಲಕ್ಷಾಂತರ ಜೀವಾಣುಗಳಿರುವ ಹೆಪ್ಪು, ಒಂದೇ ಒಂದು ಸಲ ಸೋಸಿದ್ದು, ಒಂದೂ ಉಳಿದಿಲ್ಲ. ಸಾಹೇಬರು ಹಿಗ್ಗಿ ಹೀರೇಕಾಯಿಯಾದರು. ಮೊಸರಂಗಡಿಯ ಫೋಟೋ ಬೇಕು, ಹೆಂಡತಿಯ ಫೋಟೋ ಬೇಕು, ಕಿಟಕಿಗೆ ಒಂದು ಬೋರ್ಡು ಹಾಕೋಣ, ನಾಳೆ ಬೆಳಗ್ಗೆ ನಾನೇ ಬರುತ್ತೇನೆ ಎಂದು ಫೋನಿಟ್ಟರು.

ಹೆಂಡತಿ: ಬೋರ್ಡಲ್ಲಿ ಏನಂತ ಬರೆಸ್ತಾರಂತೆ? ಈ ಮನೆ ಮೊಸರಿಗೆ ವಿಷದ ಬಟ್ಟೆ ಹಾಕಿದ್ದಾರೆ ಅಂತಾನಾ?

ಗಂಡ: ವಿಷ ಅಲ್ಲ ಕಣೇ. ರೋಗಾಣು ಕೊಲ್ಲೋ ಬಟ್ಟೆ.

ಹೆಂಡತಿ: ಕಿಟಕೀಲಿ ನಿಂತಿರೋರು ಪೂರ್ತಿ ಓದಲ್ಲ. ಕೊಲ್ಲೋ ಅನ್ನೋದನ್ನ ಓದಿ ಮನೆಗೆ ಹೋಗ್ತಾರೆ.

ಆಕೆ ಹೇಳಿದ್ದು ಸರಿ. ನನ್ನ ಹಿಂದಿದ್ದ ಇಬ್ಬರು ಆಗಲೇ ಜಾಗ ಖಾಲಿ ಮಾಡಿದ್ದರು.

ಹೆಂಡತಿ: ಈಗಲೇ ಫೋನ್ ಮಾಡಿ ಹೇಳಿ, ಬಟ್ಟೆಗೂ ಹೆಪ್ಪಿಗೂ ಸಂಬಂಧ ಇಲ್ಲ ಅಂತ.

ಗಂಡ: ಅದು ಹೇಗೆ ಸಂಬಂಧ ಇಲ್ಲ? ಇಷ್ಟು ವರ್ಷ ಕೈಕೊಡದ ಹೆಪ್ಪು, ಈ ಬಟ್ಟೇಲಿ ಸೋಸಿದ ಕೂಡಲೇ ಸತ್ತಿದೆ. ನೀನೇ ಅಲ್ವಾ ಹೇಳಿದ್ದು?

ಹೆಂಡತಿ: ಸಾಯಬೇಕಾದ್ರೆ ಅದು ಬಟ್ಟೆ ಮೇಲೆ ಕೂತ್ಕೋಬೇಕು. ಇಳಿದು ಹೋದ್ರೆ ಸಾಯಲ್ಲ.

ಗಂಡ: ಎರಡು ಸಲ ಸೋಸಿದ್ದೀಯ. ಒಂದು ಸಲಕ್ಕೆ ಉಳಿದಿದ್ದು ಇನ್ನೊಂದು ಸಲಕ್ಕೆ ಸತ್ತಿರುತ್ತೆ.

ಹೆಂಡತಿ: ಜಿಡ್ಡು ಮೆತ್ತಿಕೊಂಡ್ರೆ ಮುಳ್ಳು ಮುಚ್ಚಿಹೋಗುತ್ತಂತೆ.

ಗಂಡ: ಯಾರು ಹೇಳಿದ್ದು?

ಹೆಂಡತಿ: ಒಬ್ಬ ಸಂಶೋಧಕರು. ಈಗ ತಾನೆ ಇಲ್ಲೇ ನಿಂತಿದ್ರು, ಫೋನ್ ಬಂತು, ಎಲ್ಲಿ ಹೋದ್ರೋ ಗೊತ್ತಿಲ್ಲ.

ಗಂಡ: ಒಂದು ಪಾತ್ರೆ ಸಾಕ್ಷಿ ಇದೆ.

ಹೆಂಡತಿ: ಒಂದು ಪಾತ್ರೆ ನೋಡಿ ಯಾರೂ ತೀರ್ಮಾನಕ್ಕೆ ಬರಬಾರದು. ಗಂಟಿತ್ತಲ್ಲ, ಅದನ್ನ ವಿಚಾರಿಸಿ.

ಹತ್ತು ನಿಮಿಷದ ಹಿಂದೆ ಯಾರು ಯಾವ ಪಕ್ಷದಲ್ಲಿದ್ದರು ಎಂಬುದು ನನಗೇ ಮರೆತುಹೋಯಿತು. ಗಂಡ ಹೆಂಡತಿಯಂತೆ ವಾದಿಸುತ್ತಿದ್ದ, ಹೆಂಡತಿ ಗಂಡನಂತೆ. ಇಬ್ಬರೂ ಮೊದಲಿಗಿಂತ ಚೆನ್ನಾಗಿಯೇ ವಾದಿಸುತ್ತಿದ್ದರು. ಆಗ ಮೂಲೆಯಿಂದ ಅತ್ತೆಯವರು ಬೆಳ್ಳುಳ್ಳಿಯ ಮೊರವನ್ನು ಪಕ್ಕಕ್ಕಿಟ್ಟರು.

ಅತ್ತೆ: ಬಟ್ಟೇನೂ ಕೊಂದಿಲ್ಲ, ಮುಳ್ಳೂ ಕೊಂದಿಲ್ಲ. ನಾನು ಕೊಂದೆ.

ಗಂಡ ಹೆಂಡತಿ ಇಬ್ಬರೂ ಮೂಲೆಯ ಕಡೆ ತಿರುಗಿದರು, ನಾನು ಕಿಟಕಿಗೆ ಇನ್ನಷ್ಟು ಹತ್ತಿರವಾದೆ.

ಅತ್ತೆ: ಹೋದ ವಾರವೆಲ್ಲ ಇವನು ನನಗೆ ಪಾಠ ಹೇಳಿದ್ದೇ ಹೇಳಿದ್ದು. ಅಮ್ಮ, ಯಾವ ಪಾತ್ರೆ ಆದ್ರೂ ಕುದಿಯೋ ನೀರಲ್ಲಿ ಇಟ್ಟು ತೆಗಿ, ಅಡುಗೆಮನೆ ತುಂಬ ಕ್ರಿಮಿ. ಸರಿ ಅಂತ ನಿನ್ನೆ ಮಧ್ಯಾಹ್ನ ಎಲ್ಲಾನೂ ಇಟ್ಟೆ. ಹೆಪ್ಪಿನ ಬಟ್ಟಲೂ ಇತ್ತು. ಹೆಪ್ಪು ಚೆಲ್ಲಿದ್ರೆ ಸೊಸೆ ಸುಮ್ಮನಿರ್ತಾಳಾ? ಅದಕ್ಕೇ ಹೆಪ್ಪು ಒಳಗಿದ್ದ ಹಾಗೇ ಬಟ್ಟಲನ್ನ ಕುದಿಯೋ ನೀರೊಳಗೆ ಕೂರಿಸಿದೆ.

ಹೆಂಡತಿ: ಅತ್ತೆ...

ಅತ್ತೆ: ತೆಗೆದಾಗ ಗಂಟಾಗಿತ್ತು. ತಣ್ಣಗಾದ್ರೆ ಸರಿಹೋಗುತ್ತೆ ಅಂದುಕೊಂಡೆ.

ಹೆಂಡತಿ: ಬೆಳಗ್ಗೆಯಿಂದ ನಾವು ಕಚ್ಚಾಡ್ತಾ ಇದ್ದೀವಿ. ಆಗಲೇ ಯಾಕೆ ಹೇಳಲಿಲ್ಲ?

ಅತ್ತೆ: ಅಷ್ಟು ಚೆನ್ನಾಗಿ ಅವನ ಮೇಲೆ ಹರಿಹಾಯ್ತಾ ಇದ್ದೆಯಲ್ಲ, ನಡುವೆ ಯಾಕೆ ಬಾಯಿ ಹಾಕಲಿ ಅಂತ.

ಒಂದು ಹಳೇ ವಿಷಯ ಇಲ್ಲಿ ಹೇಳಬೇಕು. ಸೊಸೆ ಬರುವ ಮೊದಲು ಈ ಮನೆಯಲ್ಲಿ ಅತ್ತೆಯವರದೇ ಹೆಪ್ಪು ಇತ್ತು. ಸೊಸೆಯ ಹೆಪ್ಪು ಬಂತು, ಅತ್ತೆಯ ಹೆಪ್ಪು ಹೋಯಿತು. ಸೊಸೆ ಈಗ ಅತ್ತೆಯನ್ನು ನೋಡಿದ ರೀತಿಯಲ್ಲಿ ಆ ಕಥೆ ಇಡೀ ಇತ್ತು. ಅತ್ತೆ ಆ ನೋಟವನ್ನು ಕಂಡೂ ಕಾಣದವರಂತೆ ಕೈ ಒರೆಸಿಕೊಂಡರು.

ಗಂಡ ಇನ್ನೊಂದು ಮಣೆ ಎಳೆದುಕೊಂಡು ಕೂತ. ಅವನು ಮೊದಲು ಕೇಳಿದ್ದು ಹೆಪ್ಪಿನ ಬಗ್ಗೆ ಅಲ್ಲ, ಈ ವಿಷಯ ಸಾಹೇಬರ ಕಿವಿಗೆ ಬೀಳದಂತೆ ಇಡಬಹುದೇ ಎಂದು.

ಅತ್ತೆ: ಇಡಬಹುದು. ಅಷ್ಟು ವರ್ಷ ಓದಿ ನೀನು ಮಾಡದ್ದನ್ನ ನಾನು ಒಂದು ತಪ್ಪಲೆ ಬಿಸಿನೀರಲ್ಲಿ ಮಾಡಿದೆ ಅಂತ ಊರಿಗೆಲ್ಲ ಯಾಕೆ ಹೇಳಲಿ? ಅದಿರಲಿ, ಆ ಹಳೇ ಬಟ್ಟೆ ಎಲ್ಲೋ?

ಗಂಡ: ಯಾವ ಹಳೇದು?

ಅತ್ತೆ: ಗೂಟದಲ್ಲಿತ್ತಲ್ಲ, ಸೆಟೆದುಕೊಂಡು. ನಾನು ಮದುವೆಯಾಗಿ ಬರುವಾಗ ಹೆಪ್ಪು ತಂದದ್ದು ಹೇಗೆ ಅಂದುಕೊಂಡೆ? ಬಟ್ಟೇನ ಮೊಸರಲ್ಲಿ ಅದ್ದಿ ಒಣಗಿಸಿ, ಮಡಚಿ ತಂದೆ. ಇಲ್ಲಿಗೆ ಬಂದು ಬೆಚ್ಚಗಿನ ಹಾಲಿಗೆ ಹಾಕಿದೆ, ಮೊಸರಾಯ್ತು. ಇವಳ ಬಟ್ಟೇಲಿ ಇಷ್ಟು ವರ್ಷದ್ದು ಒಣಗಿ ಕೂತಿದೆ. ತಂದುಕೊಡು.

ಹೆಂಡತಿಯ ಮುಖಕ್ಕೆ ಜೀವ ಬಂತು. ಕಸದ ಬುಟ್ಟಿಯ ಕಡೆ ಓಡಿದಳು. ಅಲ್ಲಿರಲಿಲ್ಲ. ಗಂಡನ ಕಡೆ ತಿರುಗಿದಳು. ಅವನ ಕೈ ತನ್ನ ಆಫೀಸಿನ ಬ್ಯಾಗಿನ ಮೇಲಿತ್ತು, ಮತ್ತು ಆ ಹಿಡಿತ ಸ್ವಲ್ಪ ಗಟ್ಟಿಯಾಗಿಯೇ ಇತ್ತು.

ವಿಷಯ ಇಷ್ಟು. ಅವನು ಹಳೇ ಬಟ್ಟೆಯನ್ನು ಎಸೆದಿರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಮೊಹರು ಮಾಡಿಟ್ಟಿದ್ದ. ಮನೆಯ ಮಾಮೂಲಿ ಬಟ್ಟೆಯ ಮೇಲೆ ಎಷ್ಟು ಜೀವಾಣುಗಳು ಸಂಸಾರ ಹೂಡಿರುತ್ತವೆ ಎಂದು ಕಂಪನಿಯವರಿಗೆ ತೋರಿಸಿ, ಪಕ್ಕದಲ್ಲಿ ತನ್ನ ಬಟ್ಟೆಯನ್ನು ಇಡುವ ಆಸೆ. ಪಾತ್ರೆಯ ಸಾಕ್ಷಿ ಅಮ್ಮನ ಬಿಸಿನೀರಲ್ಲಿ ಹೋಯಿತು. ಈಗ ಉಳಿದಿದ್ದು ಈ ಚೀಲ ಒಂದೇ.

ಗಂಡ: ಇದನ್ನ ಹಾಲಿಗೆ ಹಾಕಿದ್ರೆ ನಾಳೆ ನನ್ನ ಹತ್ತಿರ ತೋರಿಸೋಕೆ ಏನೂ ಇರಲ್ಲ.

ಹೆಂಡತಿ: ಹಾಕದಿದ್ರೆ ನನ್ನ ಹತ್ತಿರ ನಮ್ಮಮ್ಮ ಇರಲ್ಲ.

ಈ ಮಾತನ್ನು ಆಕೆ ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ಅವನು ಇನ್ನೊಂದು ವಾದ ಹೂಡುತ್ತಿದ್ದ. ಸ್ವಲ್ಪ ಹೊತ್ತು ಬ್ಯಾಗಿನ ಜಿಪ್ಪನ್ನು ಅತ್ತ ಇತ್ತ ಎಳೆದಾಡಿದ. ಆಮೇಲೆ ಚೀಲ ತೆಗೆದು ಕೊಟ್ಟ. ಅದಕ್ಕೆ ಅಂಟಿಸಿದ ಚೀಟಿಯ ಮೇಲೆ ಅವನದೇ ಅಕ್ಷರದಲ್ಲಿ "ರೋಗಾಣುಗಳ ಧರ್ಮಛತ್ರ" ಎಂದು ಬರೆದಿತ್ತು. ಹೆಂಡತಿ ಓದಿದಳು. ಆ ಚೀಟಿಯನ್ನು ಎಸೆಯದೆ ಡಬ್ಬದಲ್ಲಿ ಹಾಕಿಟ್ಟಳು. ಮುಂದೆ ಯಾವಾಗಲಾದರೂ ಬೇಕಾಗುತ್ತದೆಂದು ಕಾಣುತ್ತದೆ.

ಉಗುರುಬೆಚ್ಚಗಿನ ಹಾಲಿಗೆ ಆ ಸೆಟೆದ ಬಟ್ಟೆ ಬಿತ್ತು. ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಟ್ಟರು. ನಾನು ಮಧ್ಯಾಹ್ನ ಮೊಸರಿಲ್ಲದೆ ಉಂಡೆ, ಅದನ್ನು ಊಟ ಅನ್ನಲಾರೆ. ಸಂಜೆ ಕಿಟಕಿಗೆ ಬಂದರೆ ಅತ್ತೆ ಸೊಸೆ ಇಬ್ಬರೂ ಕಂಬಳಿ ಬಿಚ್ಚಿ ಪಾತ್ರೆಯ ಮೇಲೆ ಬಗ್ಗಿದ್ದರು. ಸೊಸೆ ಪಾತ್ರೆಯನ್ನು ಮೆಲ್ಲಗೆ ಓರೆ ಮಾಡಿದಳು. ಏನೂ ಓಡಿಬರಲಿಲ್ಲ. ಆಕೆ ಬೆರಳ ತುದಿಗೆ ಹಚ್ಚಿ ರುಚಿ ನೋಡಿದಳು, ಅದೇ ಎಂದಳು, ಇನ್ನೊಮ್ಮೆ ಅದೇ ಎಂದಳು. ನಂತರ ಅತ್ತೆಯ ಬಾಯಿಗೂ ಒಂದು ಚಮಚ ಇಟ್ಟಳು. ಅತ್ತೆ ಚಪ್ಪರಿಸಿ, ನನ್ನ ಹೆಪ್ಪು ಇದಕ್ಕಿಂತ ಚೆನ್ನಾಗಿತ್ತು ಎಂದರು. ಮನೆ ಮಾಮೂಲಿಗೆ ಬಂದಿತ್ತು.

ಹಾಸ್ಟೆಲಿನ ಪಾತ್ರೆಗಳಿಗೆಲ್ಲ ಹೆಪ್ಪು ಬಿತ್ತು. ಆಗ ಗಂಡ ಸಂಕೋಚದಿಂದ ಒಂದು ಬೇಡಿಕೆ ಇಟ್ಟ. ಎರಡು ಬಟ್ಟಲು ಹಾಲು ಬೇಕು. ಒಂದಕ್ಕೆ ಈ ಹೆಪ್ಪು ಹಾಗೇ, ಇನ್ನೊಂದಕ್ಕೆ ಇದೇ ಹೆಪ್ಪು ತನ್ನ ಬಟ್ಟೆಯಲ್ಲಿ ಸೋಸಿ. ಸುಳ್ಳು ಹೇಳಿ ಆಯಿತು, ಈಗಲಾದರೂ ಸರಿಯಾಗಿ ನೋಡುತ್ತೇನೆ ಎಂದ. ಬೆಳಗ್ಗೆಯಿಂದ ಅವನು ಆಡಿದ ಮಾತುಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ. ಹೆಂಡತಿ ಎರಡು ಬಟ್ಟಲು ತೊಳೆದು ಕೊಟ್ಟಳು.

ಮರುದಿನ ಬೆಳಗ್ಗೆ ಹಾಸ್ಟೆಲಿನ ಪಾತ್ರೆಗಳು ರಸ್ತೆ ದಾಟಿದ ಮೇಲೆ ನನ್ನ ಸರದಿ ಬಂತು. ಅಷ್ಟರಲ್ಲಿ ಕಾರು ಬಂದು ನಿಂತಿತು. ಸಾಹೇಬರು ಇಳಿದು, ನನ್ನನ್ನು ಪಕ್ಕಕ್ಕೆ ಸರಿಸಿ, ಕಿಟಕಿಯೊಳಗೆ ತಲೆ ತೂರಿಸಿದರು. ಕಟ್ಟೆಯ ಮೇಲೆ ಎರಡು ಬಟ್ಟಲು. ಎರಡರಲ್ಲೂ ಗಟ್ಟಿ ಮೊಸರು.

ಗಂಡ ನಡೆದದ್ದನ್ನೆಲ್ಲ ಒಪ್ಪಿಸಿದ. ಅಮ್ಮನ ಬಿಸಿನೀರನ್ನೂ ಬಿಡಲಿಲ್ಲ. ಬಟ್ಟೆ ಕೆಟ್ಟದ್ದಲ್ಲ, ಗಾಯದ ಪಟ್ಟಿಗೆ, ಹಾಸಿಗೆಯ ಹೊದಿಕೆಗೆ ಕೆಲಸಕ್ಕೆ ಬಂದೀತು, ಆದರೆ ಹಾಲು ಮೊಸರು ಜಿಡ್ಡು ಇರುವ ಕಡೆ ಸೋಲುತ್ತದೆ, ಕಂಪನಿಯವರಿಗೆ ಹಾಗೆಯೇ ಹೇಳೋಣ ಎಂದ. ಸಾಹೇಬರ ಮುಖ ಮೊದಲು ಹುಳ್ಳಗಾಯಿತು. ಒಂದು ಬಟ್ಟಲು ನೋಡಿದರು, ಇನ್ನೊಂದು ನೋಡಿದರು. ನಿಧಾನವಾಗಿ ಆ ಮುಖ ಅರಳಿತು. ಅಂಥ ಮುಖ ಅರಳುವುದನ್ನು ನೋಡಿದರೆ ನನಗೆ ಈಗಲೂ ಭಯವಾಗುತ್ತದೆ.

ಸಾಹೇಬರು: ಸೋತಿಲ್ಲ ಕಣಯ್ಯ. ಮೊಸರಿನ ಜೀವಾಣು ಒಳ್ಳೇದು, ಅದನ್ನ ಉಳಿಸಿದೆ. ನಮ್ಮ ಬಟ್ಟೆ ಕೆಟ್ಟದ್ದನ್ನ ಮಾತ್ರ ಕೊಲ್ಲುತ್ತೆ, ಒಳ್ಳೇದನ್ನ ಮುಟ್ಟಲ್ಲ. ಇಂಥಾ ಬಟ್ಟೆ ಯಾರ ಹತ್ತಿರ ಇದೆ?

ಗಂಡ: ಸಾರ್, ಒಳ್ಳೇದು ಯಾವುದು ಕೆಟ್ಟದ್ದು ಯಾವುದು ಅಂತ ನೋಡೋಕೆ ಬಟ್ಟೆಗೆ ಕಣ್ಣಿಲ್ಲ.

ಸಾಹೇಬರು: ಕೊಂಡುಕೊಳ್ಳೋರಿಗೂ ಇಲ್ಲ.

ಸಾಹೇಬರು ಬಟ್ಟಲುಗಳನ್ನು ತಾವೇ ಎತ್ತಿಕೊಂಡು, ಇಂಥ ಒಳ್ಳೆಯ ಸಾಕ್ಷಿಗೆ ನಿನ್ನ ಹೆಂಡತಿಗೆ ಏನಾದರೂ ಉಡುಗೊರೆ ಕೊಡಲೇಬೇಕು, ಬೇಕಿದ್ದರೆ ಇದೇ ಬಟ್ಟೆಯ ಒಂದು ಇಡೀ ಸುರುಳಿ ಕಳಿಸುತ್ತೇನೆ ಎಂದರು. ಆಕೆ ನನ್ನ ಡಬ್ಬಿಗೆ ಮೊಸರು ತುಂಬಿ, ಮುಚ್ಚಳ ಒತ್ತಿ, ನನ್ನ ಕೈಗೆ ಕೊಟ್ಟು, ಆಮೇಲೆ ಅವರ ಕಡೆ ತಿರುಗಿದಳು.

ಹೆಂಡತಿ: ನನಗೆ ಬೇಡ ಸಾಹೇಬ್ರೇ. ಮೊದಲು ನೀವೇ ಅದರಲ್ಲಿ ಒಂದು ಅಂಗಿ ಹೊಲಿಸಿ ಹಾಕ್ಕೊಳ್ಳಿ. ಕೆಟ್ಟದ್ದನ್ನ ಮಾತ್ರ ಕೊಲ್ಲೋದು ನಿಜ ಆದ್ರೆ, ಸಂಜೆಯೊಳಗೆ ಗೊತ್ತಾಗಿಬಿಡುತ್ತೆ.